ಒಂದು ತರಗೆಲೆಯೂ ಬೀಳದ ಉದ್ಯಾನ

ಪಕ್ಕದ ರಾಜ್ಯದ ಉದ್ಯಾನ ನೋಡಿ ಬಂದ ಮೇಲೆ ಕೆಂಚನಗಿರಿಯ ಭೈರಭೂಪನಿಗೆ ಊಟ ರುಚಿಸಲಿಲ್ಲ. ಮರುದಿನವೇ ಸಭೆಯಲ್ಲಿ ಮೀಸೆ ತಿರುವಿ ಸಾರಿಬಿಟ್ಟ.

“ನಮ್ಮ ಪ್ರಜೆಗಳಿಗೂ ಒಂದು ಉದ್ಯಾನ ಮಾಡಿಸುತ್ತೇನೆ. ನೆಲವೆಲ್ಲ ನುಣುಪು ಕಲ್ಲು. ಅಲ್ಲಿ ಒಂದೇ ಒಂದು ತರಗೆಲೆ ಕಂಡರೂ ನಾನು ಭೈರಭೂಪನಲ್ಲ.”

ಜಾಗವೂ ಗೊತ್ತಾಯಿತು. ಕೋಟೆ ಬಾಗಿಲಾಚೆಯ ಬಯಲು, ಅದಕ್ಕೆ ಅಂಟಿಕೊಂಡ ಹೊಂಗೆ ತೋಪು. ಮೊದಲು ಬಯಲಿಗೆ ಕಲ್ಲು ಹಾಸುವುದು, ಉದ್ಯಾನ ತೆರೆಯುವ ದಿನ ಹೊಂಗೆಯನ್ನೆಲ್ಲ ಕಡಿದು ಅಲ್ಲಿಗೂ ಹಾಸುವುದು. ಎಲೆ ಉದುರಿಸುವುದೇ ಹೊಂಗೆ ಮಾಡಿದ ಅಪರಾಧ. ನಡುವೆ ಆಳವಾದ ಕೊಳ. ಮೆಟ್ಟಿಲು, ಕಟ್ಟೆ ಬೇಡ, ನೋಟಕ್ಕೆ ಅಡ್ಡ. ಸಭೆ ತಲೆದೂಗಿತು. ಸಂಬಳ ತಿನ್ನುವ ಸಭೆ ಇನ್ನೇನು ತಾನೇ ಮಾಡೀತು?

ತಲೆದೂಗದವನು ಕೇತಣ್ಣ ಒಬ್ಬನೇ. ರಾಜನನ್ನು ನಗಿಸುವುದು ಅವನ ಉದ್ಯೋಗ, ಆ ತೋಪಿನಲ್ಲಿ ಕಾಲು ಚಾಚಿ ಮಲಗುವುದು ಅವನ ಸುಖ. ಅಲ್ಲಿ ಮಜ್ಜಿಗೆ ಮಾರುವ ಸಕ್ಕವ್ವ ಸಂಜೆ ಅವನಿಗೆ ಅಡ್ಡ ನಿಂತಳು.

“ಊರಿಗೆಲ್ಲ ಇರೋದು ಇದೊಂದೇ ನೆರಳು ಕಣಪ್ಪ. ಸಂತೆಗೆ ಬರೋ ಬಸುರೀರು, ಮುದುಕ್ರು ಎಲ್ಲಿ ಕೂರಬೇಕು?”

ಕೇತಣ್ಣ ಮರ ಉಳಿಸಿಕೊಡುತ್ತೇನೆಂದು ಮಾತು ಕೊಟ್ಟೇಬಿಟ್ಟ. ಹೇಗೆಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ.

ರಾಜನ ಹಠ ಅವನು ಬಲ್ಲ. ಬೇಡ ಅಂದರೆ ನಾಳೆಯೇ ಕೊಡಲಿ ಬೀಳುತ್ತಿತ್ತು. ಹಾಗಾಗಿ ತೆಪ್ಪಗಿದ್ದು, ಕೊಳ ತೋಡಿ, ಬಯಲಿಗೆ ಕಲ್ಲು ಹಾಸಿ ಮುಗಿದಾಗ ಬಂದು ಕೈಮುಗಿದ. “ಮಹಾಸ್ವಾಮಿ, ಯಜಮಾನ ಹಾಲುಕ್ಕಿಸದೆ ಹೊಸ ಮನೆಗೆ ಯಾರೂ ಕಾಲಿಡುವುದಿಲ್ಲ. ಇದು ಪ್ರಜೆಗಳ ಮನೆ. ನೀವೇ ಯಜಮಾನರು.”

ರಾಜ ಉಬ್ಬಿಹೋದ. ಮುಹೂರ್ತ ಇಡಿಸಿದವನೂ ಕೇತಣ್ಣನೇ. ಚೈತ್ರಮಾಸ, ಅಭಿಜಿನ್ ಮುಹೂರ್ತ, ಅಂದರೆ ಸರಿಯಾಗಿ ನಡುಮಧ್ಯಾಹ್ನ.

ಪೂಜೆಯಾದ್ದರಿಂದ ಪಾದರಕ್ಷೆ ಇಲ್ಲ. ಕೊಳದ ಈಚೆ ಕಲ್ಲಿನ ಮೇಲೆ ಒಲೆ ಹೂಡಿ ಹಾಲಿಟ್ಟರು. ಹಾಲಿನ್ನೂ ಬೆಚ್ಚಗಾಗಿರಲಿಲ್ಲ, ರಾಜ ಒಂದು ಕಾಲೆತ್ತಿದ. ಆಮೇಲೆ ಇನ್ನೊಂದು. ಇದೂ ಶಾಸ್ತ್ರವಿರಬೇಕೆಂದು ಮಣೆಯ ಮೇಲೆ ಕೂತ ಭಟ್ಟರು ಮಂತ್ರದ ವೇಗ ಹೆಚ್ಚಿಸಿದರು. ರಾಜ ತಡೆಯಲಾರದೆ ಕೊಳದ ಕಡೆ ಓಡಿದ. ಮೆಟ್ಟಿಲಿಲ್ಲ, ಕಟ್ಟೆಯಿಲ್ಲ, ಕಾವಲಿನವರು ಪಂಚೆಯ ಸೆರಗು ಹಿಡಿದೆಳೆಯದಿದ್ದರೆ ಅಂದೇ ಯುವರಾಜನಿಗೆ ಪಟ್ಟವಾಗುತ್ತಿತ್ತು. ಅಲ್ಲಿಂದ ಎದ್ದುಬಿದ್ದು ಹೊಂಗೆ ತೋಪಿಗೆ ನುಗ್ಗಿ, ತರಗೆಲೆಯ ರಾಶಿಯ ಮೇಲೆ ಕುಸಿದು ಕೂತ. ಸಕ್ಕವ್ವ ಒಂದು ಲೋಟ ಮಜ್ಜಿಗೆ ಕೊಟ್ಟಳು.

ಅಷ್ಟರಲ್ಲಿ ಕೇತಣ್ಣ ಕೊಡಲಿಯವರನ್ನು ಕರೆದುಕೊಂಡು ಬಂದ.

“ಅಪ್ಪಣೆಯಂತೆ ಮರ ಕಡಿಯಲು ಬಂದಿದ್ದಾರೆ. ಮಹಾಸ್ವಾಮಿಗಳು ಎದ್ದು ಆ ಕಲ್ಲಿನ ಮೇಲೆ ಹೋಗಿ ಕೂತರೆ ಶುರು ಮಾಡುತ್ತಾರೆ.”

ರಾಜ ಕೊಡಲಿ ನೋಡಿದ, ಕಲ್ಲು ನೋಡಿದ, ತನ್ನ ಕೆಂಪಾದ ಅಂಗಾಲು ನೋಡಿಕೊಂಡ. ಆಮೇಲೆ ಮಜ್ಜಿಗೆ ನೆತ್ತಿಗೇರುವಷ್ಟು ನಕ್ಕ. ಹಾಸಿದ ಕಲ್ಲು ಕಿತ್ತು ಕೊಳಕ್ಕೆ ಮೆಟ್ಟಿಲು, ಕಟ್ಟೆ ಕಟ್ಟಬೇಕು, ಬಯಲಿಗೂ ಹೊಂಗೆ ಸಸಿ ನೆಡಬೇಕು, ಎಲೆ ಬಿದ್ದಲ್ಲೇ ಬಿದ್ದಿರಲಿ ಎಂದು ಕೂತಲ್ಲಿಂದಲೇ ಅಪ್ಪಣೆಯಾಯಿತು.

“ಅಲ್ಲಯ್ಯ ಕೇತಣ್ಣ, ಇದನ್ನು ಅಂದೇ ಸಭೆಯಲ್ಲಿ ಹೇಳಿದ್ದರೆ ನನಗೆ ಅರ್ಥವಾಗುತ್ತಿರಲಿಲ್ಲವೇ?”

“ಹೇಗಾಗುತ್ತಿತ್ತು ಮಹಾಸ್ವಾಮಿ? ಸಭೆಯಲ್ಲಿ ನಿಮ್ಮ ಕಾಲ ಕೆಳಗೆ ರತ್ನಗಂಬಳಿ ಇತ್ತಲ್ಲ.”