ಮರಳಿನಲ್ಲಿ ನೆಟ್ಟ ಹುಟ್ಟುಗಳು

“ಗುರುಗಳೇ, ಮಠದ ಬೆಳ್ಳಿ ಬಟ್ಟಲು ಕದ್ದವನು ಆಳು ಅಡವಯ್ಯನೇ, ಅವನನ್ನು ಮಠದಿಂದ ಹೊರಹಾಕಬೇಕು ಎಂದು ಶಿಷ್ಯರೆಲ್ಲ ನಿನ್ನೆ ಕೈ ಎತ್ತಿದೆವು. ಒಂದು ಕೈಯೂ ಕೆಳಗಿರಲಿಲ್ಲ. ಇಷ್ಟು ಜನ ಒಪ್ಪಿದ ಮೇಲೆ ಅದು ನಿಜವೇ ಇರಬೇಕು ಎಂದು ಊರಿನವರೂ ಹೇಳುತ್ತಿದ್ದಾರೆ. ಒಪ್ಪಿಗೆ ಕೊಡಲು ತಾವೇಕೆ ಇನ್ನೂ ಅಂಜುತ್ತೀರಿ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ತುಂಬುಗರ್ಭಿಣಿ ಮಗಳನ್ನು ಕರೆದುಕೊಂಡು ಹೊಳೆ ದಾಟಬೇಕಿತ್ತು. ಹೊಳೆ ಉಕ್ಕಿತ್ತು. ಮೇಲಿನ ಕಡವಿನಲ್ಲಿ ಅಂಬಿಗರು ಜಗಳವಾಡುತ್ತಿದ್ದರು. ಕೆಲವರು ಹೋಗಬಹುದು ಎಂದರು, ಕೆಲವರು ನಡುಹೊಳೆಯ ಸುಳಿ ಇಳಿಯುವತನಕ ಕಾಯಬೇಕು ಎಂದರು. ತಮ್ಮತಮ್ಮಲ್ಲೇ ಒಮ್ಮತವಿಲ್ಲದವರ ಕೈಗೆ ಮಗಳನ್ನು ಒಪ್ಪಿಸಲು ವ್ಯಾಪಾರಿಗೆ ಮನಸ್ಸಾಗಲಿಲ್ಲ. ಅವನು ಕೆಳಗಿನ ಕಡವಿಗೆ ಹೋದ.

ಅಲ್ಲಿಯ ಪದ್ಧತಿ ಅಚ್ಚುಕಟ್ಟಾಗಿತ್ತು. ದಾಟಬಹುದು ಎನ್ನುವ ಅಂಬಿಗ ತನ್ನ ದೋಣಿಯ ಹುಟ್ಟನ್ನು ಮರಳಿನಲ್ಲಿ ನೆಡಬೇಕು, ಬೇಡ ಎನ್ನುವವನು ಮಲಗಿಸಬೇಕು. ಹಿರಿಯ ಅಂಬಿಗ ಮೊದಲು ನೆಡುತ್ತಿದ್ದ. ಹಿಂದೊಮ್ಮೆ ಹುಟ್ಟು ಮಲಗಿಸಿದವನಿಗೆ, ನೀನು ಮನೆಯಲ್ಲೇ ಇರಪ್ಪ, ಹೆಂಡತಿಗೆ ನೀರು ಸೇದಿಕೊಡು ಎಂದು ಉಳಿದವರು ನಕ್ಕಿದ್ದರು. ಅಂದಿನಿಂದ ಯಾರ ಹುಟ್ಟೂ ಮಲಗಿರಲಿಲ್ಲ. ಆ ದಿನವೂ ಎಲ್ಲವೂ ನೆಟ್ಟಗೆ ನಿಂತವು. ಇಷ್ಟು ಒಮ್ಮತದ ಕಡವು ಬೇರೆಲ್ಲೂ ಸಿಗದು ಎಂದು ವ್ಯಾಪಾರಿಗೆ ಅನಿಸಿತು.

ಸರದಿ ಇದ್ದ ಅಂಬಿಗ ತನ್ನ ಹುಟ್ಟು ಕಿತ್ತುಕೊಂಡು ದೋಣಿ ಬಿಟ್ಟ. ನಡುಹೊಳೆಯ ಸುಳಿ ಎದುರಾದೊಡನೆ ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ್ದನ್ನು ವ್ಯಾಪಾರಿ ಕಂಡ.

“ನೀನೂ ಹುಟ್ಟು ನೆಟ್ಟೆಯಲ್ಲವೇನಪ್ಪ?”

“ಎಲ್ಲರೂ ನೆಟ್ಟರು ಧಣಿ. ಅವರಿಗೆ ಏನೋ ಗೊತ್ತಿರಬೇಕು ಅಂದುಕೊಂಡೆ.”

“ಮತ್ತೆ ಅವರು?”

“ನನ್ನ ಹುಟ್ಟು ನೋಡಿ ಅವರೂ ಹಾಗೇ ಅಂದುಕೊಂಡಿರಬೇಕು.”

ಮಗಳು ತಂದೆಯ ತೋಳು ಹಿಡಿದಳು. ವ್ಯಾಪಾರಿ ತಿರುಗಿ ನೋಡಿದ. ದಡದಲ್ಲಿ ಅಂಬಿಗರೆಲ್ಲ ಸಾಲಾಗಿ ನಿಂತು ಈ ದೋಣಿಯನ್ನೇ ನೋಡುತ್ತಿದ್ದರು. ಅವರ ಹುಟ್ಟುಗಳು ಮರಳಿನಲ್ಲಿ ನೆಟ್ಟಂತೆಯೇ ಇದ್ದವು. ನೆರವಿಗೆ ಬರಲು ಒಬ್ಬನೂ ತನ್ನದನ್ನು ಕಿತ್ತಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಅಂಗಳದಲ್ಲಿ ಅಡವಯ್ಯ ತನ್ನ ಗಂಟು ಕಟ್ಟುತ್ತಿದ್ದ.

“ದೋಣಿ ದಡ ಸೇರಿತೇ?” ಎಂದು ಶಿಷ್ಯ ಮೆಲ್ಲಗೆ ಕೇಳಿದ.

ಗುರುಗಳು ಅವನ ಮುಖ ನೋಡಿ ಹೇಳಿದರು: “ಕೈ ಎತ್ತುವ ಮುಂಚೆ ನೀನು ಯಾರ ಕೈ ನೋಡಿದೆ?”