ಓದಿದ ಮೇಲೆ ತಡವರಿಸಿದ ಯಂತ್ರ

ಹೊಳೆದಂಡೆಯ ಆಶ್ರಮದಲ್ಲಿ ನಾರುಬೇರಿನ ಔಷಧ ಕೊಡುವ ಅಜ್ಜಾರು ಒಬ್ಬರಿದ್ದರು. ಅವರ ಶಿಷ್ಯ ದಾನಯ್ಯನ ಲ್ಯಾಪ್‌ಟಾಪಿನಲ್ಲಿ ಒಂದು ಎಐ ಸಹಾಯಕ ಇತ್ತು. ಏನು ಕೇಳಿದರೂ ಥಟ್ಟನೆ ಹೇಳುತ್ತಿತ್ತು. ಅದರ ಜಾಣತನಕ್ಕೆ ದಾನಯ್ಯ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದ.

ಅಡುಗೆಯ ಈರವ್ವನಿಗೆ ಮೊಣಕಾಲು ನೋವು. ಹೃದಯದ ಕವಾಟ ಬದಲಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಿರಲೆಂದು ಅವಳು ದಿನವೂ ಗುಳಿಗೆ ನುಂಗುತ್ತಿದ್ದಳು. ಆ ಗುಳಿಗೆಯಿಂದಾಗಿಯೇ ಅಜ್ಜಾರು ಕಷಾಯ ಕೊಡಲು ಹಿಂದೆಮುಂದೆ ನೋಡುತ್ತಿದ್ದರು.

ಗುಳಿಗೆಯ ಜೊತೆ ಕಷಾಯ ಕುಡಿಯಬಹುದೇ ಎಂದು ದಾನಯ್ಯ ಸಹಾಯಕನನ್ನು ಕೇಳಿದ. ಧಾರಾಳವಾಗಿ ಕುಡಿಯಬಹುದು ಎಂದಿತು ಅದು. ಮೂರು ಸಂಶೋಧನಾ ಲೇಖನಗಳ ಹೆಸರನ್ನೂ ಹೇಳಿತು. ಅವನು ಓಡಿಹೋಗಿ ಈರವ್ವನಿಗೆ ಹೇಳಿಯೇಬಿಟ್ಟ. ಅವಳು ಖುಷಿಯಿಂದ ಬೇರು ಕುದಿಯಲಿಟ್ಟಳು.

ವಿಷಯ ತಿಳಿದ ಅಜ್ಜಾರು ಒಂದೇ ಮಾತು ಕೇಳಿದರು.

“ಆ ಲೇಖನ ಅದು ಓದೇತೇನು?”

ದಾನಯ್ಯ ಮತ್ತೆ ಲ್ಯಾಪ್‌ಟಾಪು ತೆರೆದ. ಕೂತು, ಪರದಾಡಿ, ಅದನ್ನು ವೈದ್ಯಕೀಯ ಲೇಖನಗಳ ಭಂಡಾರಕ್ಕೆ ಜೋಡಿಸಿದ. ಅದೇ ಪ್ರಶ್ನೆ ಮತ್ತೆ ಕೇಳಿದ.

ಈ ಸಲ ಅದು ತಡಮಾಡಿತು. ಮೂರರಲ್ಲಿ ಎರಡು ಲೇಖನ ಎಲ್ಲೂ ಇಲ್ಲ, ತಾನು ಹೇಳಿದ್ದು ತಪ್ಪು ಎಂದಿತು. ಮೂರನೆಯದು ಇಲಿಗಳ ಮೇಲೆ ಮಾಡಿದ್ದು. ಭಂಡಾರದಲ್ಲಿ ಸಿಕ್ಕ ಬೇರೊಂದು ಅಧ್ಯಯನದಲ್ಲಿ ರಕ್ತಸ್ರಾವ ಹೆಚ್ಚಿದೆ, ಇನ್ನೊಂದರಲ್ಲಿ ಏನೂ ಆಗಿಲ್ಲ. ಈರವ್ವನಂಥವರ ಮೇಲೆ ಯಾರೂ ಪರೀಕ್ಷಿಸಿದ್ದು ಸಿಗಲಿಲ್ಲ. ತನಗೆ ಖಚಿತವಿಲ್ಲ, ಗುಳಿಗೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಎಂದಿತು.

ದಾನಯ್ಯನ ತಲೆ ಕಲಸುಮೇಲೋಗರವಾಯಿತು. ಏನೂ ಓದದಿದ್ದಾಗ ಪಟಪಟನೆ ಮಾತಾಡಿದ್ದು, ಓದಿದ ಮೇಲೆ ತೊದಲುವುದು ಯಾಕೆ? ಜೋಡಿಸುವಾಗ ತಾನೇ ಏನಾದರೂ ಎಡವಟ್ಟು ಮಾಡಿದೆನೇ? ಅಷ್ಟರಲ್ಲಿ ಅಡುಗೆಮನೆಯಿಂದ ಕಷಾಯದ ಘಾಟು ಬಂತು. ಅವನಿಗೆ ದಿಗಿಲಾಯಿತು.

“ಅಜ್ಜಾರ, ಜೋಡಿಸಿದ ಮ್ಯಾಲೆ ಅದು ಕೆಟ್ಟುಹೋಗೇತ್ರಿ. ಮೊದಲ ಎಲ್ಲಾ ಗೊತ್ತಿತ್ತು, ಈಗ ಗೊತ್ತಿಲ್ಲ ಅಂತೈತಿ. ಬಿಚ್ಚಿಬಿಡ್ಲೇನ್ರಿ?”

ಅಜ್ಜಾರು ಎದ್ದು ಅಡುಗೆಮನೆಗೆ ನಡೆದರು; ದಾನಯ್ಯನೂ ಹಿಂದೆಯೇ ಹೋದ. ಈರವ್ವ ಕಷಾಯದ ತಂಬಿಗೆ ಎತ್ತಿದ್ದಳು. ಅವರು ಅದರ ಬಾಯಿಗೆ ಅಂಗೈ ಅಡ್ಡ ಇಟ್ಟರು.

ಅವಳು ಗಾಬರಿಯಾದಳು. “ಕುಡೀಲೋ ಬ್ಯಾಡೋ, ನೀವ ಹೇಳ್ರಿ ಅಜ್ಜಾರ.”

“ನನಗ ಗೊತ್ತಿಲ್ಲವ್ವ. ನಿಮ್ಮ ಡಾಕ್ಟರನ್ನ ಕೇಳೂ ತನಕ ಬ್ಯಾಡ.”

ಅಜ್ಜಾರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ದಾನಯ್ಯ ಎಂದೂ ಕೇಳಿರಲಿಲ್ಲ. ಇದ್ದ ಗೊಂದಲ ಇಮ್ಮಡಿಯಾಯಿತು. ಸಿಟ್ಟೂ ಬಂತು, ಅಳುವೂ ಬಂತು.

“ಭಂಡಾರ ಎಲ್ಲಾ ಜಾಲಾಡಿ ಅದೂ ಗೊತ್ತಿಲ್ಲ ಅಂತೈತಿ. ನಲವತ್ತು ವರ್ಷ ಔಷಧ ಕೊಟ್ಟ ನೀವೂ ಗೊತ್ತಿಲ್ಲ ಅಂತೀರಿ. ಹಂಗಾರ ಓದಿ ಏನ್ ಬಂತ್ರಿ?”

ಅಜ್ಜಾರು ತುಂಬಿದ ತಂಬಿಗೆಯನ್ನು ಅವನ ಕೈಗೆ ಕೊಟ್ಟರು.

“ಓದಿರಲಿಲ್ಲಂದ್ರ, ಇಷ್ಟೊತ್ತಿಗೆ ಕುಡಿಸಿಬಿಟ್ಟಿರ್ತಿದ್ದಿ.”