ಹೂಂ ಅಂದ ರಾಜ, ಹೂಂ ಅಂದ ಮಂತ್ರಿ

ಗೊಂಬೆಗಿರಿ ಅಂತ ಒಂದು ರಾಜ್ಯ. ಅಲ್ಲಿ ಚೆನ್ನಭೂಪ ಅಂತ ಒಬ್ಬ ರಾಜ. ಕೆಟ್ಟವನಲ್ಲ ಪಾಪ. ಕೈ ಎರಡು, ಯಂತ್ರ ಮೂರು, ಅದೇ ಅವನ ಕಷ್ಟ. ಬಲಗೈಲಿ ಫೋನು, ಗಂಡನ ಮನೆಗೆ ಹೋದ ಮಗಳು ಯಾವಾಗ ಕರೀತಾಳೋ ಅಂತ. ತೊಡೆ ಮೇಲೆ ಟ್ಯಾಬು, ಅದರಲ್ಲಿ ಟಗರು ಕಾಳಗ. ಎಡಗೈಲಿ ವಾಚು, ದಿನಕ್ಕೆ ಎಷ್ಟು ಹೆಜ್ಜೆ ನಡೆದ ಅಂತ ಎಣಿಸೋಕೆ. ಸಿಂಹಾಸನದ ಮೇಲೆ ಕೂತವನ ಹೆಜ್ಜೆ ಎಷ್ಟಿರುತ್ತೆ? ಹನ್ನೊಂದು.

ಆ ರಾಜ್ಯದಲ್ಲಿ ಒಂದು ಪದ್ಧತಿ. ದರ್ಬಾರಿನಲ್ಲಿ ಯಾರೇ ಹೂಂ ಅಂದರೂ ಡಂಗುರದವನು ಡಂ ಅಂತ ಒಂದು ಏಟು ಹಾಕೋನು. ಏಟು ಬಿತ್ತೋ, ಮಾತು ಖಾಯಂ.

ಮಂತ್ರಿ ದುಂಡಪ್ಪ ಇದನ್ನ ಚೆನ್ನಾಗಿ ನೋಡಿಕೊಂಡಿದ್ದ. ಟ್ಯಾಬಲ್ಲಿ ಟಗರು ಗುದ್ದೋ ಹೊತ್ತಿಗೆ ಕೇಳಿದ, "ಪ್ರಭು, ಅರಮನೆ ಮಾವಿನ ತೋಪು ನನಗೆ ಕೊಡ್ತೀರಾ?"

"ಹೂಂ." ಡಂ.

ಫೋನು ಗುಂಯ್ ಅಂದಾಗ ಕೇಳಿದ, "ಆ ಬಿಳಿ ಕುದುರೆ?"

"ಹೂಂ." ಡಂ.

ವಾಚು 'ಎದ್ದು ನಡಿ' ಅಂತ ಗದರಿದಾಗ ಕೇಳಿದ, "ಕುಂಬಾರ ಕೇರಿಯ ಮಣ್ಣಿನ ಗುಂಡಿ? ನನಗೊಂದು ಈಜುಕೊಳ ಬೇಕಿತ್ತು."

"ಹೂಂ." ಡಂ.

ಸುದ್ದಿ ಕೇಳಿ ಕುಂಬಾರರ ತಿಪ್ಪವ್ವ ಓಡಿ ಬಂದಳು. "ಆ ಮಣ್ಣಿಲ್ಲದಿದ್ರೆ ನಲವತ್ತು ಮನೆ ತಿರುಗಣಿ ನಿಲ್ಲುತ್ತೆ. ಏನು ತಿನ್ನೋಣ ನನ್ನಪ್ಪ?"

ರಾಜ ಬೆಚ್ಚಿ ತಲೆ ಎತ್ತಿದ. "ನಾನು ಯಾವಾಗ ಹೂಂ..." ಡಂಗುರದವನು ಕೋಲೆತ್ತಿದ. ರಾಜ ಬಾಯಿ ಮುಚ್ಚಿಕೊಂಡ. ಅವನ ಕಣ್ಣಲ್ಲಿ ನೀರು. "ತಪ್ಪಾಯ್ತು ಕಣವ್ವ. ಕೊಟ್ಟೋನು ವಾಪಸ್ ಕೇಳೋ ಹಾಗಿಲ್ಲ. ತಗೊಂಡೋನೇ ಕೊಡಬೇಕು."

ತಿಪ್ಪವ್ವ ದುಂಡಪ್ಪನ ಕಡೆ ನೋಡಿದಳು. ಅವನ ಹತ್ರಾನೂ ಮೂರು ಯಂತ್ರ. ಹೊಸ ಪೇಟ ಸುತ್ತಿಕೊಂಡ ಫೋಟೊ ಹಾಕಿದ್ದ. ಯಾರು ಹೊಗಳಿದ್ರು ಅಂತ ಮೂರರಲ್ಲೂ ಇಣುಕ್ತಿದ್ದ.

ಅವಳು ಕೇರಿಗೆ ಹೋಗಿ ಹೇಳಿದಳು, "ನಾಳೆ ದರ್ಬಾರು ಶುರುವಾಗ್ತಿದ್ದಂಗೆ ಎಲ್ಲರೂ ಆ ಪೇಟನ ಹೊಗಳಿ ಬರೀರಿ. ನಿಲ್ಲಿಸಬೇಡಿ."

"ಕುಂಬಳಕಾಯಿ ಇದ್ದಂಗಿದೆ ಕಣತ್ತೆ ಆ ಪೇಟ," ಅಂದಳು ಸೊಸೆ.

"ಚೆಂದದ ಕುಂಬಳಕಾಯಿ ಅಂತ ಬರಿ."

ಮಾರನೇ ದಿನ ಮಂತ್ರಿಯ ಫೋನು ಗುಂಯ್, ಟ್ಯಾಬು ಟಿಣ್, ವಾಚು ಜುಂಯ್. ಅವನ ಮುಖ ಅರಳಿತು, ಕತ್ತು ಬಗ್ಗಿತು. ತಿಪ್ಪವ್ವ ಮೆತ್ತಗೆ ಕೇಳಿದಳು, "ಮಂತ್ರಿಗಳೇ, ತೋಪು ವಾಪಸ್ ಕೊಡ್ತೀರಾ?"

"ಹೂಂ." ಡಂ.

"ಕುದುರೆ?"

"ಹೂಂ." ಡಂ.

"ನಮ್ಮ ಗುಂಡಿ ಬಿಟ್ಟುಕೊಟ್ಟು, ಒಂದು ತಿಂಗಳು ಬಂದು ಮಣ್ಣು ತುಳೀತೀರಾ?"

"ಹೂಂ, ಹೂಂ." ಡಂ ಡಂ. ಒಂದು ತಿಂಗಳ ತುಳಿತ ಎರಡು ತಿಂಗಳಾಯ್ತು.

ಮಂತ್ರಿ ತುಳಿದ ಮಣ್ಣಲ್ಲಿ ತಿಪ್ಪವ್ವ ಒಂದು ಅಗಲ ಬಾಯಿಯ ಮಡಕೆ ಮಾಡಿ ದರ್ಬಾರಿನ ಬಾಗಿಲಲ್ಲಿ ಇಟ್ಟಳು. ಯಂತ್ರ ಎಲ್ಲ ಅದರೊಳಗಿಟ್ಟೇ ಒಳಗೆ ಬರಬೇಕು. ರಾಜ ಟ್ಯಾಬು ಇಳಿಸಿದ, ವಾಚು ಇಳಿಸಿದ. ಫೋನು ಇಡೋವಾಗ ಮಾತ್ರ ಕೈ ನಿಂತಿತು. "ಮಗಳು ಕರೆದರೆ?"

"ಮಡಕೆ ಒಳಗಿಂದ ಇನ್ನೂ ಜೋರಾಗಿ ಕೇಳ್ಸುತ್ತೆ. ಆಗ ಎದ್ದು ಬಾ ನನ್ನಪ್ಪ, ನಾವು ಕಾಯ್ತೀವಿ. ನಾಲ್ಕು ಹೆಜ್ಜೆ ನಡೆದಂಗೂ ಆಗುತ್ತೆ."

ನೀತಿ ಇಷ್ಟೇ: ಯಂತ್ರ ಮೂರಿರಲಿ, ಆರಿರಲಿ, ಎದುರಿಗೆ ನಿಂತವರ ಮುಖ ನೋಡದೆ ಹೂಂ ಅನ್ನಬೇಡಿ. ಅರ್ಥ ಆಯ್ತಾ? ತಲೆ ಎತ್ತಿ ಹೇಳಿ.